‘ಕರಕುಶಲ’ದಲ್ಲಿ ಕಾಣದ ‘ಕೆಲಸ’: ಉಡುಪಿ ಪರಿಸರದ ಪದಬಳಕೆಯನ್ನು ಕುರಿತು

ಕನ್ನಡದ ಆಡಳಿತ ಪರಿಭಾಷೆಯಲ್ಲಿ ‘ಹ್ಯಾಂಡಿಕ್ರಾಫ್ಟ್’ ಎಂಬುದಕ್ಕೆ ‘ಕರಕುಶಲ’ ಸಮಾನಪದವಾಗಿ ನೆಲೆಗೊಂಡಿದೆ. ಈ ಸಮೀಕರಣವು ಪದದಲ್ಲಿ ನಡೆದಿರುವ ಅರ್ಥಪಲ್ಲಟವನ್ನು ಮರೆಮಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಕುಶಲಕರ್ಮಿಗಳ ಬಾಯಲ್ಲಿರುವ ಪದವನ್ನು ನಿಘಂಟಿನ ಗಮನದಿಂದ ದೂರವಿಡುತ್ತದೆ ಎಂಬುದು ನಮ್ಮ ವಾದ.

ಸಂಸ್ಕೃತದಲ್ಲಿ ನೈಪುಣ್ಯಾರ್ಥದ ‘ಕುಶಲ’ವು ವ್ಯಕ್ತಿಗೆ ಸಲ್ಲುವ ವಿಶೇಷಣ. ಪಾಣಿನೀಯರ ಶೌಂಡಾದಿ ಗಣದಲ್ಲಿ ಈ ಶಬ್ದವಿರುವುದರಿಂದ ‘ಕರಕುಶಲ’ವನ್ನು ಸಪ್ತಮೀ ತತ್ಪುರುಷವೆಂದು ಬಿಡಿಸಬಹುದು: ಕೈಯಲ್ಲಿ ನಿಪುಣತೆಯುಳ್ಳವನು. (ದರ್ಭೆಯನ್ನು ತರುವವನೆಂಬ ವ್ಯುತ್ಪತ್ತಿಯನ್ನು ಹಿಡಿದು ಮಮ್ಮಟನು ‘ಕುಶಲ’ವನ್ನು ರೂಢಿಲಕ್ಷಣೆಗೆ ಉದಾಹರಿಸಿದನು; ವ್ಯುತ್ಪತ್ತಿಯಿಂದ ಬಳಕೆಯ ಅರ್ಥ ನಿರ್ಣಯವಾಗದೆಂದು ವಿಶ್ವನಾಥನು ಅದನ್ನು ಒಪ್ಪಲಿಲ್ಲ. ನಮ್ಮ ಒಲವು ವಿಶ್ವನಾಥನ ಕಡೆಗೆ.) ಇಂದಿನ ಕನ್ನಡದಲ್ಲಾದರೋ ‘ಅವಳು ಕರಕುಶಲೆ’ ಎಂಬ ಪ್ರಯೋಗ ಸಹಜವೆನಿಸದು; ‘ಕರಕುಶಲ ವಸ್ತು’, ‘ಕರಕುಶಲ ಮೇಳ’ ಎಂಬವು ಸಹಜ. ಗುಣವು ಮಾಡುವವನನ್ನು ಬಿಟ್ಟು ಮಾಡಿದ ವಸ್ತುವಿಗೆ ಅಂಟಿಕೊಂಡಿದೆ. ಮಾಡುವವನನ್ನು ಹೇಳಬೇಕಾದಾಗ ‘ಕರಕುಶಲಕರ್ಮಿ’ ಎಂದು ಇನ್ನೊಂದು ಪದವನ್ನು ಜೋಡಿಸಬೇಕಾಗಿರುವುದೇ ಈ ಪಲ್ಲಟಕ್ಕೆ ಸಾಕ್ಷಿ. ‘ಕೈ’ಯಿಂದಲೇ ಆರಂಭವಾಗುವ ‘ಕೈಗಾರಿಕೆ’ಯಂತೂ ಯಂತ್ರದ ಪಾಲಾಗಿ ಬಹಳ ಕಾಲವಾಯಿತು.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ತಂದು ಮತ್ತೆ ನಿಲ್ಲಿಸಿದ ಪಾರಂಪರಿಕ ಗ್ರಾಮದ ಹೆಸರು ‘ಹಸ್ತಶಿಲ್ಪ’. ಹಿಂದಿಯಲ್ಲಿ ಇದು ಕೈಕಸುಬಿನ ಉತ್ಪನ್ನಕ್ಕೆ ಸಾಮಾನ್ಯನಾಮ. ಕನ್ನಡದಲ್ಲಿ ‘ಶಿಲ್ಪ’ವು ಕಾರ್ಕಳದಲ್ಲಿ 1432ರಲ್ಲಿ ನಿಂತ ಬಾಹುಬಲಿಯಂತಹ ಮೂರ್ತಿಗಳಿಗೆ ಬಹುಮಟ್ಟಿಗೆ ಸೀಮಿತವಾಗಿರುವುದರಿಂದ, ‘ಹಸ್ತಶಿಲ್ಪ’ ಇಲ್ಲಿ ಅಂಕಿತನಾಮವಾಗಿಯೇ ಉಳಿದಿದೆ.

ಹಾಗಾದರೆ ಈ ಪರಿಸರದ ಆಡುಮಾತಿನಲ್ಲಿ ನೈಪುಣ್ಯವನ್ನು ಹೊರುವ ಪದ ಯಾವುದು? ನಮ್ಮ ಉತ್ತರ: ಕನ್ನಡದ ‘ಕೆಲಸ’, ತುಳುವಿನ ‘ಬೇಲೆ’. ಪದಗಳು ತೀರ ಸಾಧಾರಣವಾಗಿರುವುದರಿಂದಲೇ ಅವುಗಳ ಈ ಅರ್ಥ ಕಣ್ತಪ್ಪುತ್ತದೆ. ಆದರೆ ವಿಭಕ್ತಿ ಅದನ್ನು ಬಯಲುಮಾಡುತ್ತದೆ. ‘ಬಾಗಿಲಿಗೆ ತುಂಬ ಕೆಲಸ ಇದೆ’ ಎಂದರೆ ಇನ್ನೂ ದುಡಿಯಬೇಕಾದದ್ದು ಬಾಕಿಯಿದೆ ಎಂದಷ್ಟೇ ಅರ್ಥ. ‘ಬಾಗಿಲಲ್ಲಿ ತುಂಬ ಕೆಲಸ ಇದೆ’ ಎಂದಾಗ, ಬಾಗಿಲು ಮುಗಿದಿದ್ದರೆ, ಅದರಲ್ಲಿ ನೆಲೆಗೊಂಡ ಕೈಚಳಕವೇ ಅರ್ಥ. ಚತುರ್ಥಿಯು ಶ್ರಮವನ್ನು, ಸಪ್ತಮಿಯು ನೈಪುಣ್ಯವನ್ನು ಸೂಚಿಸುತ್ತದೆ. ತುಳುವಿನ ‘ಬಾಕಿಲ್‌ಡ್ ಎಡ್ಡೆ ಬೇಲೆ ಉಂಡು’ ಎಂಬ ವಾಕ್ಯವೂ ಸಪ್ತಮಿಯ ಈ ಅರ್ಥವನ್ನೇ ಕೊಡುತ್ತದೆ. ಕಾಪುವಿನ ಹೊಸ ಮಾರಿಗುಡಿಯ ಕೆಂಪು ಕಲ್ಲಿನ ಕಂಬವನ್ನು ನೋಡಿದವರು ‘ಕಂಬದಲ್ಲಿ ಒಳ್ಳೆಯ ಕೆಲಸ ಇದೆ’ ಎನ್ನಬಲ್ಲರು. ‘ಕಂಬದಲ್ಲಿ ಒಳ್ಳೆಯ ಕರಕುಶಲ ಇದೆ’ ಎನ್ನಲಾರರು. ‘ಕುಸುರಿ’ ಆ ಸ್ಥಾನದಲ್ಲಿ ಒಗ್ಗುತ್ತದೆ, ನಿಜ. ಆದರೆ ಹಳೆಯ ‘ಕುಸುರಿದರಿ’ ಎಂಬ ಕ್ರಿಯಾಪದದಲ್ಲಿ ಕಾಣುವ ಸಣ್ಣಸಣ್ಣದಾಗಿಸುವ ಭಾವ ಅದನ್ನು ಬಿಟ್ಟಿಲ್ಲ: ಅಲಂಕಾರವಿಲ್ಲದ ದೋಣಿಯಲ್ಲಿ ಕುಸುರಿಯಿರುವುದಿಲ್ಲ, ಕೆಲಸವಿರುತ್ತದೆ.

ಕರ್ತೃವಾಚಕಗಳಲ್ಲಿಯೂ ಈ ಭೇದವಿದೆ. ‘ಕೆಲಸದವನು’ ಸಂಬಳಕ್ಕೆ ದುಡಿಯುವವನು. ‘ಒಳ್ಳೆಯ ಕೆಲಸಗಾರ’ ಎಂಬಲ್ಲಿ ನೈಪುಣ್ಯದ ಮೆಚ್ಚುಗೆ ಸೇರಬಲ್ಲದು. ಷಷ್ಠೀ ಪ್ರತ್ಯಯಕ್ಕೂ ತದ್ಧಿತ ಪ್ರತ್ಯಯಕ್ಕೂ ನಡುವಿನ ಈ ಅಂತರವನ್ನು ಸಾಮಾಜಿಕ ಶ್ರೇಣಿಯೊಂದರಿಂದಲೇ ವಿವರಿಸುವುದು ಕಷ್ಟ.

ಇದು ಕೇವಲ ಪದಚರ್ಚೆಯಲ್ಲ. ಕೇಂದ್ರದ ಜವಳಿ ಸಚಿವಾಲಯದಲ್ಲಿ ಕೈಮಗ್ಗಕ್ಕೂ ಕರಕುಶಲಕ್ಕೂ ಪ್ರತ್ಯೇಕ ಅಭಿವೃದ್ಧಿ ಆಯುಕ್ತರಿದ್ದಾರೆ. ಆಡಳಿತಕ್ಕೆ ಈ ವಿಭಜನೆ ಬೇಕಿರಬಹುದು, ಭಾಷೆಯಲ್ಲಿ ಅದಿಲ್ಲ. ಕಾರ್ಕಳದ ಕದಿಕೆ ಟ್ರಸ್ಟ್ ಮತ್ತೆ ಚಲಾವಣೆಗೆ ತರಲು ಶ್ರಮಿಸುತ್ತಿರುವ ಉಡುಪಿ ಸೀರೆಯೂ, ಅದೇ ತಾಲೂಕಿನ ಮಿಯ್ಯಾರಿನ ಸಿ. ಇ. ಕಾಮತ್ ಸಂಸ್ಥೆಯಲ್ಲಿ ಕಲಿಸುವ ಕಲ್ಲು-ಮರಗಳ ಕೆತ್ತನೆಯೂ ಸರಕಾರಿ ಕಡತದಲ್ಲಿ ಬೇರೆಬೇರೆ ಪದಗಳಡಿ ಬರುತ್ತವೆ. ಸೀರೆಯ ಅಂಚಿಗೂ ಕೆತ್ತಿದ ಕಲ್ಲಿಗೂ ‘ಇದರಲ್ಲಿ ಕೆಲಸ ಇದೆ’ ಎಂಬ ಮಾತು ಸಮಾನವಾಗಿ ಸಲ್ಲುತ್ತದೆ. ತುಳು ಪದಗಳ ಪ್ರಾದೇಶಿಕ ಪ್ರಭೇದಗಳನ್ನು ಸೂಕ್ಷ್ಮವಾಗಿ ದಾಖಲಿಸಿದ ಆರು ಸಂಪುಟಗಳ ‘ತುಳು ನಿಘಂಟು’ ಉಡುಪಿಯಲ್ಲೇ ಸಿದ್ಧವಾಯಿತು. ಆ ಮಾದರಿಯ ಮುಂದಿನ ಹೆಜ್ಜೆಯಾಗಿ, ‘ಕೆಲಸ’ ಮತ್ತು ‘ಬೇಲೆ’ಗಳ ಉಲ್ಲೇಖಗಳಲ್ಲಿ ಸಪ್ತಮಿಯೊಡನೆ ಬರುವ ನೈಪುಣ್ಯಾರ್ಥವನ್ನು ಪ್ರತ್ಯೇಕ ಅರ್ಥವಾಗಿ, ವಾಕ್ಯಪ್ರಯೋಗಸಹಿತ, ನಮೂದಿಸಬೇಕು, ‘ಕರಕುಶಲ’ದ ಮುಂದೆ ‘ಆಡಳಿತ ಬಳಕೆ’ ಎಂಬ ಸೂಚನೆಯೂ ಇರಬೇಕು.