ಗೊರವನ ಬೆನ್ನು ಹತ್ತಿದ ದನಿ

ಮಲ್ಲಿಕಾರ್ಜುನ ಮನ್ಸೂರರ ಕಂಠ ಇಂಪಾದದ್ದಲ್ಲ ಎಂದರೆ ಧಾರವಾಡದಲ್ಲಿ ಈಗಲೂ ಜಗಳಕ್ಕೆ ಬರುವವರಿದ್ದಾರು. ಆದರೂ ಹೇಳುತ್ತೇನೆ: ವಯಸ್ಸಾದ ಮೇಲಿನ ಧ್ವನಿಮುದ್ರಣಗಳಲ್ಲಿ ಆ ದನಿ ಸಣ್ಣಗಾಗಿದೆ, ಅಲ್ಲಲ್ಲಿ ಒರಟು. ನನಗೆ ಬೇಕಾದದ್ದೂ ಆ ದನಿಯೇ. ಅಕ್ಕಮಹಾದೇವಿಯ ಕನಸಿನ ವಚನವನ್ನು ಅವರ ಬಾಯಲ್ಲಿ ಕೇಳಿದ ಮೇಲೆ, ನಯವಾಗಿ ಸವರಿ ಹಾಡಿದ್ದು ಯಾವುದೂ ರುಚಿಸುವುದಿಲ್ಲ.

ವಚನ ತೀರ ಚಿಕ್ಕದು. ಕನಸು ಕಂಡ ಹೆಣ್ಣು ಎದ್ದವಳೇ ಅಕ್ಕನನ್ನು ಕರೆದು ಹೇಳಿಕೊಳ್ಳುವ ಧಾಟಿ. ಅಕ್ಕಿ, ಅಡಿಕೆ, ತೆಂಗಿನಕಾಯಿ ಕಂಡವಂತೆ. ಮದುವೆಮನೆಯ ಸಾಮಾನು ಅನ್ನಿ. ಆಮೇಲೆ ಸಣ್ಣ ಸಣ್ಣ ಜಡೆಯ, ಬೆಳ್ಳನೆ ಹಲ್ಲಿನ ಗೊರವನೊಬ್ಬ, ಅಂದರೆ ಶೈವ ಭಿಕ್ಷುಕ, ಮನೆಗೆ ಭಿಕ್ಷೆಗೆ ಬಂದನಂತೆ. ಅವನು ನಿಲ್ಲದೆ ಹೊರಟಾಗ ಇವಳು ಬೆನ್ನು ಹತ್ತಿ ಕೈ ಹಿಡಿದಳು. ಕಂಡದ್ದು ತನ್ನ ದೇವರು ಚೆನ್ನಮಲ್ಲಿಕಾರ್ಜುನನನ್ನೇ, ಅಷ್ಟಕ್ಕೆ ಕಣ್ಣು ತೆರೆಯಿತು. ಬೇಡಲು ಬಂದವನ ಹಿಂದೆ ಓಡಿದವಳಲ್ಲಿ ಭಕ್ತಿ ಎಷ್ಟು, ಪ್ರೇಮ ಎಷ್ಟು ಎಂದು ತೂಗುವ ಕೆಲಸ ಪಂಡಿತರಿಗಿರಲಿ. ದೇವರ ಹಲ್ಲನ್ನೂ ಗಮನಿಸಿದ ಹುಡುಗಿ ಇವಳು!

ತಾಳಕ್ಕೆ ಕೂಡಿಸಿ ಕಟ್ಟಿದ್ದಲ್ಲ ವಚನ. ಹಾಗಾಗಿ ಹಾಡುವವರಿಗೆ ಅದು ಸುಲಭದ ತುತ್ತಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ಬಿಡಬೇಕು ಎಂಬುದನ್ನು ಗಾಯಕನೇ ನಿಶ್ಚಯಿಸಬೇಕು. ಆದರೆ ಈ ವಚನ ಒಳಗೊಳಗೇ ಒಂದು ಹಿಡಿತ ಇಟ್ಟುಕೊಂಡಿದೆ. ಸಾಲು ಶುರುವಾದೊಡನೆ ಎರಡನೆಯ ಅಕ್ಷರದಲ್ಲಿ ಒಂದು ಒತ್ತು. ಕೊನೆಯ ಸಾಲಿನವರೆಗೂ ಹೀಗೆಯೇ, ಬಾಗಿಲು ತಟ್ಟಿದಂತೆ. ಕೊನೆಯಲ್ಲಿ ಚೆನ್ನಮಲ್ಲಿಕಾರ್ಜುನ ಎದುರಾದಾಗಲೂ ತಟ್ಟುವುದು ನಿಲ್ಲುವುದಿಲ್ಲ.

ಮನ್ಸೂರರು (1910-1992) ಧಾರವಾಡದ ಹತ್ತಿರದ ಮನ್ಸೂರಿನವರು. ಹುಡುಗನಾಗಿದ್ದಾಗ ನಾಟಕ ಕಂಪನಿಯಲ್ಲಿ ಹಾಡಿದರು, ಮುಂದೆ ಗ್ವಾಲಿಯರ್ ಪದ್ಧತಿಯ ನೀಲಕಂಠಬುವಾ ಅವರಲ್ಲಿ ಕಲಿತರು. ಆಮೇಲೆ ಮುಂಬಯಿಯಲ್ಲಿ ಜಯಪುರ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರು ಗುರುಗಳಾದರು. 1937ರಲ್ಲಿ ಮಂಜಿ ಖಾನರು ತೀರಿಕೊಂಡ ಮೇಲೆ ಅವರ ತಮ್ಮ ಭುರ್ಜಿ ಖಾನರು ಆ ಪಾಠ ಮುಂದುವರಿಸಿದರು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳಲ್ಲಿ ಅಪಾರ ಶ್ರದ್ಧೆಯಿದ್ದ ಈ ಶಿಷ್ಯ, ಮನೆಗೂ 'ಮೃತ್ಯುಂಜಯ' ಎಂದೇ ಹೆಸರಿಟ್ಟವರು. ಆ ಶ್ರದ್ಧೆಗೂ ಖಾನ್‌ಸಾಹೇಬರ ತಾಲೀಮಿಗೂ ಅವರಲ್ಲಿ ತಂಟೆಯೇ ಇರಲಿಲ್ಲ. ಇದಕ್ಕೂ ಮೊದಲೇ ಅತ್ತ ವಿಜಯಪುರದ ಫ.ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿ ತಂದು 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಹಾಕಿಸಿದರು. ಮಠದ, ಮನೆಯ ಕಟ್ಟುಗಳಲ್ಲಿದ್ದ ವಚನ ಪುಸ್ತಕವಾಗಿ ಕೈಗೆ ಸಿಕ್ಕಿತು. ಮನ್ಸೂರರಂಥವರಿಂದ ಖಯಾಲಿನ ಮೈಫಿಲಿಗೂ ಬಂತು.

ಜಯಪುರ ಘರಾಣೆಯ ಗಾಯನದಲ್ಲಿ ಒಂದು ಸ್ವರ ಮುಂದಿನದರ ಕೈ ಬಿಡುವುದಿಲ್ಲ. ಸುರುಳಿ ಸುರುಳಿಯಾಗಿ ತಾನ್ ಹೋಗುತ್ತದೆ, ತಾಳದ ಮೊದಲ ಪೆಟ್ಟಾದ ಸಮ ಯಾವಾಗ ಬಂತೆಂದು ಕೇಳುವವರು ಬೆಚ್ಚಬೇಕು. ಈ ವಿದ್ಯೆಯಲ್ಲಿ ಮುಳುಗಿದವರು ವಚನಕ್ಕೆ ಬಂದಾಗ ಅದನ್ನು ಮೆರೆಸುವುದಿಲ್ಲ. ಮಾತನ್ನು ಮುಂದೆ ಬಿಟ್ಟು ರಾಗವನ್ನು ಅದರ ಹಿಂದೆ ನಡೆಸುತ್ತಾರೆ. ಅಕ್ಕನನ್ನು ಕರೆಯುವ ಮೊದಲ ಮಾತಿಗೆ ಮರಳಿ ಮರಳಿ ಬರುತ್ತಾರಲ್ಲ, ಅಲ್ಲಿ ಕಿವಿ ಇಡಿ. ಒಮ್ಮೆ ಅದು ಗುಟ್ಟು ಹೇಳುವ ಆತುರ, ಮತ್ತೊಮ್ಮೆ 'ಇದನ್ನು ಯಾರಿಗೆ ಹೇಳಲಿ' ಎಂಬ ಸಂಕಟ. ಅಕ್ಷರ ಅದೇ, ಸ್ವರ ಒಂದೆಳೆ ಸರಿದಿರುತ್ತದೆ. ಎಪ್ಪತ್ತು ದಾಟಿದ ಗಂಡಸು ಹರೆಯದ ಹುಡುಗಿಯ ಕನಸು ಹೇಳುತ್ತಿದ್ದಾರೆ ಎಂಬುದು ಆಗ ನೆನಪೇ ಆಗುವುದಿಲ್ಲ. ಕೊನೆಗೆ ಅಂಕಿತ ಬಂದಾಗ ಹಾಡುವವರ ಹೆಸರೂ ಅದರೊಳಗೇ ಇದೆ. ಅದಕ್ಕಾಗಿ ಅವರು ಒಂದು ಸ್ವರವನ್ನೂ ಹೆಚ್ಚಿಗೆ ಎಳೆಯುವುದಿಲ್ಲ.

ಈಚಿನ ಮುದ್ರಣಗಳಲ್ಲಿ ಇದೇ ವಚನಕ್ಕೆ ವಾದ್ಯಮೇಳವೇ ಇರುತ್ತದೆ. ಕೊಳಲು, ಕೀಬೋರ್ಡು, ಹಿಂದೆ ನಾಲ್ಕು ಜನರ ಆಲಾಪ. ಗೊರವ ಬಾಗಿಲಿಗೆ ಬರುವ ಮೊದಲೇ ಮನೆ ತುಂಬಿರುತ್ತದೆ. ಅವನು ಭಿಕ್ಷೆ ಕೇಳಿದರೂ ಯಾರಿಗೂ ಕೇಳಿಸಲಿಕ್ಕಿಲ್ಲ.