ಮೂರಕ್ಕೆ ಐದರಂತೆ: ಗಡಿನಾಡಿನಲ್ಲಿ ಅನುಪಾತದ ಲೆಕ್ಕ

ಗಣಿತಕ್ಕೆ ಭಾಷೆಯ ಹಂಗಿಲ್ಲವೆಂಬ ಮಾತು ಶಿಕ್ಷಣ ವಲಯದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಸ್ಪರ್ಧಾ ಪರೀಕ್ಷೆಗಳಲ್ಲಿ ಬರುವ ಅನುಪಾತದ ಸಮಸ್ಯೆಗಳನ್ನು ಪಠ್ಯವೆಂದು ಭಾವಿಸಿ ಓದಿದರೆ ಈ ಮಾತು ನಿಲ್ಲುವುದಿಲ್ಲ. ಎಂಟನೆಯ ತರಗತಿಯವರಿಗಾಗಿ ಆಯಾ ರಾಜ್ಯಗಳು ನಡೆಸುವ ಎನ್.ಎಂ.ಎಂ.ಎಸ್. ಪರೀಕ್ಷೆಯನ್ನೇ ನೋಡಬಹುದು. ಎರಡು ಭಾಗಗಳು, ಒಂದೊಂದರಲ್ಲಿ 90 ಪ್ರಶ್ನೆ, 90 ನಿಮಿಷ. ಆಯ್ಕೆಯಾದ ಬಡ ಮಗುವಿಗೆ 9ರಿಂದ 12ನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಪ್ರಶ್ನೆಯೊಂದಕ್ಕೆ ಒಂದೇ ನಿಮಿಷವಿರುವಲ್ಲಿ ಪದವೊಂದರ ಬಳಿ ತಡವರಿಸಿದರೂ ನಷ್ಟವೇ.

ತಡವರಿಸಲು ಕಾರಣಗಳುಂಟು. ಕರ್ನಾಟಕದ ಪಠ್ಯಗಳಲ್ಲಿ ಎರಡು ಪರಿಮಾಣಗಳ ಹೋಲಿಕೆ ‘ಅನುಪಾತ’. ಅಂಥ ಎರಡು ಹೋಲಿಕೆಗಳ ಸಮತೆ ‘ಸಮಾನುಪಾತ’. ಗಡಿ ದಾಟಿದೊಡನೆ ಪದಗಳು ಸ್ಥಾನ ಬದಲಿಸುತ್ತವೆ. ಮಲಯಾಳದಲ್ಲಿ ಮೊದಲನೆಯದು ‘ಅಂಶಬಂಧ’, ಎರಡನೆಯದೇ ‘ಅನುಪಾತ’. ತೆಲುಗಿನಲ್ಲಿ ‘ನಿಷ್ಪತ್ತಿ’ ಮತ್ತು ‘ಅನುಪಾತ’. ತಮಿಳಿನಲ್ಲಿ ‘ವಿಗಿದಂ’ ಮತ್ತು ‘ವಿಗಿದಸಮಂ’. ಮರಾಠಿಯಲ್ಲಿ ‘ಗುಣೋತ್ತರ’ ಮತ್ತು ‘ಪ್ರಮಾಣ’. ಕಾಸರಗೋಡಿನ ಅಥವಾ ಮಡಕಶಿರದ ಮಗುವಿಗೆ ಮನೆಯ ಭಾಷೆಯ ‘ಅನುಪಾತ’ವೂ ರಾಜ್ಯಭಾಷೆಯ ‘ಅನುಪಾತ’ವೂ ಒಂದೇ ಅಲ್ಲ. ಜತ್ತದ ಮಗು ಸುತ್ತಲೂ ಕೇಳುವ ‘ಗುಣೋತ್ತರ’ ಕನ್ನಡ ಗಣಿತದಲ್ಲಿ ಬೇರೊಂದು ಶ್ರೇಢಿಯ ಹೆಸರು. ಪದ ಗೊತ್ತಿಲ್ಲದಿದ್ದರೆ ಕೇಳಿ ತಿಳಿಯಬಹುದು. ಗೊತ್ತಿರುವ ಪದವೇ ಬೇರೆ ಅರ್ಥ ಹೊತ್ತು ಬಂದಾಗ ಸಂಶಯವೇ ಹುಟ್ಟುವುದಿಲ್ಲ.

ಇನ್ನು ವಾಕ್ಯರಚನೆ. ‘ಶಾಲೆಯೊಂದರಲ್ಲಿ ಬಾಲಕರ ಮತ್ತು ಬಾಲಕಿಯರ ಅನುಪಾತ 3:5. ಒಟ್ಟು ಮಕ್ಕಳು 240. ಬಾಲಕಿಯರೆಷ್ಟು?’ ಒಟ್ಟು ಎಂಟು ಪಾಲು, ಪಾಲಿಗೆ 30, ಬಾಲಕಿಯರು 150. ಉತ್ತರದ ಆಯ್ಕೆಗಳಲ್ಲಿ 90, 144, 400 ಇದ್ದರೆ ಅವು ಕುರುಡು ಸಂಖ್ಯೆಗಳಲ್ಲ. ಕ್ರಮ ತಪ್ಪಿ ಓದಿದವನಿಗೆ 90; ಭಾಗ-ಭಾಗಗಳ ಹೋಲಿಕೆಯನ್ನು ಭಾಗ-ಪೂರ್ಣಗಳ ಹೋಲಿಕೆಯೆಂದು ತಿಳಿದು 240ರ ಐದನೆಯ ಮೂರು ಭಾಗ ತೆಗೆದವನಿಗೆ 144; ಒಟ್ಟು ಸಂಖ್ಯೆಯನ್ನೇ ಬಾಲಕರೆಂದು ಬಗೆದವನಿಗೆ 400. ಮೂರೂ ಓದಿನ ತಪ್ಪುಗಳು. ಗುಣಾಕಾರದ ತಪ್ಪು ಒಂದೂ ಇಲ್ಲ.

ವಿಭಕ್ತಿಯ ಬಲವುಳ್ಳ ಕನ್ನಡದಲ್ಲಿ ಪದಕ್ರಮಕ್ಕೆ ಅಷ್ಟು ಬಿಗುವಿಲ್ಲ. ‘ಮತ್ತು’ ಎಂಬುದು ಎರಡನ್ನು ಕೂಡಿಸುತ್ತದೆಯೇ ಹೊರತು ಯಾವುದು ಮೊದಲೆಂದು ಹೇಳುವುದಿಲ್ಲ. ಹೀಗಾಗಿ ಅರ್ಥದ ಭಾರವೆಲ್ಲ ಕ್ರಮದ ಮೇಲೆ ಬೀಳುತ್ತದೆ. ಅದೇ ಮಾತನ್ನು ‘ಮೂವರು ಬಾಲಕರಿಗೆ ಐವರು ಬಾಲಕಿಯರಂತೆ’ ಎಂದರೆ ಸಂದಿಗ್ಧವೇ ಉಳಿಯದು. ಚತುರ್ಥಿಯ ‘ಗೆ’, ಕೊನೆಯ ‘ಅಂತೆ’ ಇವೆರಡರಲ್ಲೇ ಅನುಪಾತದ ತಿರುಳಿದೆ. ಒಂದು ಪಾವು ಉದ್ದಿಗೆ ಮೂರು ಪಾವು ಅಕ್ಕಿಯೆಂದು ಲೆಕ್ಕ ಹಾಕುವ ಮನೆಯಲ್ಲಿ ಬೆಳೆದ ಮಗುವಿಗೆ ಈ ರಚನೆ ಹೊಸದಲ್ಲ.

ಇದು ಶಾಸ್ತ್ರಕ್ಕೆ ಹೊರಗಿನ ಮಾತೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದರೆ, ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ರಚಿಸಿದನು. ಪ್ರಾಚೀನರ ತ್ರೈರಾಶಿಕದಲ್ಲಿ ಪ್ರಮಾಣ, ಫಲ, ಇಚ್ಛೆ ಎಂಬ ಹೆಸರುಗಳೇ ಪ್ರತಿ ಸಂಖ್ಯೆಯ ಪಾತ್ರವನ್ನು ಸೂಚಿಸುತ್ತವೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕು. ಆದರೆ ಇದನ್ನೂ ಕಣ್ಣುಮುಚ್ಚಿ ಅನುಸರಿಸುವಂತಿಲ್ಲ. 12 ಆಳುಗಳು 10 ದಿನದಲ್ಲಿ ಮುಗಿಸುವ ಕೆಲಸವನ್ನು 15 ಆಳುಗಳು 8 ದಿನದಲ್ಲಿ ಮುಗಿಸುತ್ತಾರೆ. ಸೂತ್ರವನ್ನಷ್ಟೇ ನಂಬಿದವನಿಗೆ ಹನ್ನೆರಡೂವರೆ ದಿನ ಬರುತ್ತದೆ. ವ್ಯಸ್ತ ತ್ರೈರಾಶಿಕವನ್ನು ಹಿಂದಿನವರು ಬೇರೆಯಾಗಿಯೇ ಹೇಳಿದುದು ಇದಕ್ಕಾಗಿ. ಸಂದರ್ಭವನ್ನು ಓದಿ ಅರಿಯದೆ ಸೂತ್ರ ಫಲಿಸದು.

ಆದುದರಿಂದ ಗಡಿನಾಡಿನ ಕನ್ನಡ ಶಾಲೆಗೆ ಬೇಕಾದುದು ಇನ್ನಷ್ಟು ಮಾದರಿ ಪ್ರಶ್ನೆಗಳ ರಾಶಿಯಲ್ಲ. ಕನ್ನಡದ ಮತ್ತು ಆಯಾ ರಾಜ್ಯಭಾಷೆಯ ಗಣಿತಪದಗಳನ್ನು ಎದುರುಬದುರಾಗಿ ಇರಿಸಿದ ಒಂದು ಪುಟ. ಪ್ರಶ್ನೆಯನ್ನು ‘ಇಷ್ಟಕ್ಕೆ ಇಷ್ಟರಂತೆ’ ಎಂದು ತಿರುಗಿಸಿ ಹೇಳಿಕೊಳ್ಳುವ ಅಭ್ಯಾಸ. ತಪ್ಪು ಉತ್ತರ ಯಾವ ಓದಿನಿಂದ ಹುಟ್ಟಿತೆಂಬ ಚರ್ಚೆ. ಈ ಮೂರಕ್ಕೂ ಹಣ ಬೇಕಿಲ್ಲ. ಇವಿಲ್ಲದೆ ಸೋತ ಮಗುವನ್ನು ಗಣಿತದಲ್ಲಿ ಹಿಂದುಳಿದವನೆಂದು ಕರೆಯುವುದು ಅನ್ಯಾಯ.