ಸಾಕ್ಷಿ ಅಳಿಯುವ ಮುನ್ನ
ಐಬಿಎಂನ ಜಿಪಿಎಫ್‌ಎಸ್ 1998ರಲ್ಲಿ ಮಾರುಕಟ್ಟೆಗೆ ಬಂದ ಕ್ಲಸ್ಟರ್ ಫೈಲ್ ಸಿಸ್ಟಂ. ಇಂದಿನ ಹೆಸರು ಸ್ಟೋರೇಜ್ ಸ್ಕೇಲ್. ಅದರಲ್ಲಿ ನನಗೆ ತುಂಬ ಮೆಚ್ಚಿಗೆಯಾದದ್ದು ‘ಜಿಪಿಎಫ್‌ಎಸ್.ಸ್ನ್ಯಾಪ್’ ಎಂಬ ಕಮಾಂಡ್. ಒಂದು ನೋಡ್‌ನಲ್ಲಿ ಕೊಟ್ಟರೆ ಸಾಕು, ಉಳಿದ ನೋಡ್‌ಗಳಿಂದಲೂ ಸಂರಚನೆ, ಲಾಗ್‌ಗಳನ್ನು ತಂದು ಟಾರ್ ಕಡತವಾಗಿ ಕಟ್ಟಿಕೊಡುತ್ತದೆ. ಇದರ ಬೆಲೆ ತಿಳಿಯುವುದು ಫೈಲ್ ಸಿಸ್ಟಂ ಸ್ತಬ್ಧವಾದಾಗ. ಒಂದು ನೋಡ್‌ನ ಥ್ರೆಡ್ ಇನ್ನೊಂದು ನೋಡ್ ಹಿಡಿದಿರುವ ಟೋಕನ್‌ಗೆ, ಅಂದರೆ ಬೀಗದ ಅನುಮತಿಗೆ, ಕಾಯುತ್ತಿರುತ್ತದೆ, ಆ ಇನ್ನೊಂದು ಮೂರನೆಯದರ ಮೂಲಕ ಡಿಸ್ಕಿಗೆ ಬರೆಯಲು ಕಾಯುತ್ತಿರುತ್ತದೆ. ನರಳುವ ನೋಡ್ ಒಂದು, ರೋಗವಿರುವುದು ಬೇರೆಡೆ. ಹಾಗಾಗಿ ಒಂದೇ ಯಂತ್ರದ ಲಾಗ್ ಎಷ್ಟು ಓದಿದರೂ ಅರ್ಧ ಕತೆಯೇ. ಯಾವ ಥ್ರೆಡ್ ಯಾವುದಕ್ಕಾಗಿ ಎಷ್ಟು ಹೊತ್ತಿನಿಂದ ಕಾಯುತ್ತಿದೆ ಎಂಬ ‘ವೇಟರ್ಸ್’ ಪಟ್ಟಿಗಳನ್ನು ನೋಡ್‌ನಿಂದ ನೋಡ್‌ಗೆ ಹೊಂದಿಸಿ ನೋಡಿದಾಗಲೇ ಸರಪಳಿ ಕಾಣುವುದು.

ಬಳಕೆದಾರರು ಬಾಯಿ ಬಿಟ್ಟುಕೊಂಡು ಕಾಯುವಾಗ ಮಾಹಿತಿ ಕೂಡಿಸುತ್ತ ಕೂರುವುದೇಕೆ, ಜಿಪಿಎಫ್‌ಎಸ್ ಡೀಮನ್ನನ್ನು ಮರುಚಾಲನೆ ಮಾಡಿದರಾಯಿತಲ್ಲ ಎನ್ನುವವರಿದ್ದಾರೆ. ಅವರ ಅವಸರ ನ್ಯಾಯವಾದದ್ದೇ. ದೊಡ್ಡ ಕ್ಲಸ್ಟರಿನಲ್ಲಿ ಈ ಸಂಗ್ರಹ ಬೇಗ ಮುಗಿಯುವುದಿಲ್ಲ, ಡಿಸ್ಕಿನ ಜಾಗವನ್ನೂ ತಿನ್ನುತ್ತದೆ. ಆದರೆ ವೇಟರ್‌ಗಳು ಇರುವುದು ಡೀಮನ್‌ನ ಮೆಮೊರಿಯಲ್ಲಿ. ಮರುಚಾಲನೆಯೊಂದಿಗೆ ಅವು ಅಳಿಸಿಹೋಗುತ್ತವೆ, ಮೂಲ ಕಾರಣ ಮಾತ್ರ ಉಳಿದುಕೊಳ್ಳಬಹುದು. ಈ ಇಕ್ಕಟ್ಟನ್ನು ಕಮಾಂಡ್ ರೂಪಿಸಿದವರು ಚೆನ್ನಾಗಿ ಅರಿತಿದ್ದಾರೆ: ಡೆಡ್‌ಲಾಕ್ ಶಂಕೆಯಿದ್ದರೆ ಅದಕ್ಕೆ ಬೇಕಾದಷ್ಟನ್ನೇ ತರುವ ಆಯ್ಕೆಯಿದೆ, ಹೆಸರಿಸಿದ ಕೆಲವೇ ನೋಡ್‌ಗಳಿಗೆ ಸಂಗ್ರಹವನ್ನು ಸೀಮಿತಗೊಳಿಸುವ ಆಯ್ಕೆಯೂ ಇದೆ.